ಡಿಜೆ ಕಲಿಯಲು ದೊಡ್ಡ ಮೆಷಿನ್ ಬೇಕಿಲ್ಲ

ಡಿಜೆ ಕಲಿಯಬೇಕೆಂದು ಮನಸ್ಸು ಮಾಡಿದವರು ಪಾಠಕ್ಕಿಂತ ಮೊದಲು ಮೆಷಿನ್ ಹುಡುಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಉಪಕರಣವಿಲ್ಲದೆ ಕೈಗೆ ಹತ್ತುವ ವಿದ್ಯೆ ಇದಲ್ಲ. ತೊಂದರೆ ಇರುವುದು ಹುಡುಕುವಾಗ ಹಿಡಿಯುವ ಅಳತೆಗೋಲಿನಲ್ಲಿ. ಎಷ್ಟು ಚಾನೆಲ್, ಎಷ್ಟು ಪ್ಯಾಡ್, ಎಷ್ಟು ಎಫೆಕ್ಟ್, ಪರದೆ ಇದೆಯೋ ಇಲ್ಲವೋ, ಕ್ಲಬ್ಬಿನಲ್ಲಿರುವ ಮೆಷಿನ್ನಿಗೆ ಎಷ್ಟು ಹತ್ತಿರವಿದೆ ಎಂಬುದನ್ನೇ ಅಂಗಡಿಯವರು ಹೇಳುತ್ತಾರೆ, ಜಾಲತಾಣದ ವಿಡಿಯೊಗಳೂ ಅದನ್ನೇ ತೋರಿಸುತ್ತವೆ. ನಲವತ್ತು ಸಾವಿರ ರೂಪಾಯಿಯೊಳಗೆ ಮುಗಿಯಬಹುದಾದ ಖರೀದಿ ಹೀಗೆ ಲಕ್ಷ ದಾಟುತ್ತದೆ. ಮನೆಯವರು ಕಂತು ಕಟ್ಟುತ್ತಿರುವಾಗಲೇ ಮೆಷಿನ್ ಮಂಚದ ಕೆಳಗೆ ಸೇರಿರುತ್ತದೆ. ಹೊಸಬರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎಂಬುದು ನನ್ನ ವಾದ. ಈ ಮೆಷಿನ್ ನನ್ನ ಕಿವಿಗೆ ಕೆಲಸ ಕೊಡುತ್ತದೆಯೋ, ಕಿವಿಯ ಕೆಲಸವನ್ನು ತಾನೇ ಮಾಡಿಬಿಡುತ್ತದೆಯೋ? ಈ ಪ್ರಶ್ನೆ ಇಟ್ಟುಕೊಂಡು ಅಂಗಡಿಗೆ ಹೋದರೆ ಅಲ್ಲಿ ಜೋಡಿಸಿಟ್ಟದ್ದರಲ್ಲಿ ಮುಕ್ಕಾಲು ಪಾಲನ್ನು ಪಕ್ಕಕ್ಕೆ ಸರಿಸಬಹುದು.

ಡಿಜೆ ಕೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಒಂದು ಹಾಡು ಜನರಿಗೆ ಕೇಳುತ್ತಿದೆ. ಅದು ಮುಗಿಯುವ ಮೊದಲೇ ಮುಂದಿನ ಹಾಡನ್ನು ಹುಡುಕಿ, ಅದರಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತು ಮಾಡಿಕೊಂಡು, ಅದರ ಲಯವನ್ನು ಈಗಿನ ಹಾಡಿನ ಲಯಕ್ಕೆ ಕೂಡಿಸಿ, ಸೇರಿದ್ದು ತಿಳಿಯದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಎರಡನೆಯ ಹಾಡಿನ ಈ ತಯಾರಿಯಷ್ಟೂ ಜನರಿಗೆ ಕೇಳಿಸದೆ ಹೆಡ್‌ಫೋನಿನಲ್ಲಿ ನಡೆಯಬೇಕು. ಈ ಗುಟ್ಟಿನ ಆಲಿಸುವಿಕೆಯೇ ಡಿಜೆ ವಿದ್ಯೆಯ ಬುಡ. ಪ್ಯಾಡು, ಎಫೆಕ್ಟು, ಬಣ್ಣದ ದೀಪಗಳೆಲ್ಲ ಆಮೇಲೆ ಬಂದ ಅಲಂಕಾರ.

ಈ ವಿದ್ಯೆ ಹುಟ್ಟಿದ ರೀತಿಯೇ ಇದಕ್ಕೆ ಸಾಕ್ಷಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ನಡೆದ ಒಂದು ಪಾರ್ಟಿಯನ್ನು ಹಿಪ್‌ಹಾಪ್ ಸಂಗೀತದ ಜನ್ಮದಿನವೆಂದು ಎಣಿಸುತ್ತಾರೆ. ಜಮೈಕಾದಿಂದ ವಲಸೆ ಬಂದ ಕುಟುಂಬದ ಕೂಲ್ ಹರ್ಕ್ ಎಂಬ ಹದಿಹರೆಯದ ಹುಡುಗ ಅಲ್ಲಿ ರೆಕಾರ್ಡು ಹಾಕಿದವನು. ಗಾಯನ ನಿಂತು ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಗಮನಿಸಿ, ಎರಡು ಟರ್ನ್‌ಟೇಬಲ್ ಬಳಸಿ ಆ ತುಣುಕುಗಳನ್ನು ಉದ್ದಕ್ಕೆ ಎಳೆದ. ಅದೇ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಅವನ ಬಳಿ ಇದ್ದ ಮಿಕ್ಸರಿನಲ್ಲಿ ಎರಡನೆಯ ರೆಕಾರ್ಡನ್ನು ಮೊದಲೇ ಕೇಳಿ ನೋಡುವ ಸೌಲಭ್ಯ ಇರಲಿಲ್ಲ. ಒಂದು ಸಾಮಾನ್ಯ ಸ್ವಿಚ್ಚನ್ನು ತಂದು ಮಿಕ್ಸರಿಗೆ ಅಂಟಿಸಿ, ವೈರು ಎಳೆದು, ಬಲಗಡೆಯ ರೆಕಾರ್ಡೋ ಎಡಗಡೆಯದೋ ತನ್ನ ಹೆಡ್‌ಫೋನಿಗೆ ಮಾತ್ರ ಬರುವಂತೆ ಮಾಡಿಕೊಂಡ. ಬಡ ಬಡಾವಣೆಯ ಹುಡುಗನೊಬ್ಬ ಇದ್ದ ಅಷ್ಟಿಷ್ಟು ಕಾಸಿನಲ್ಲಿ ತನ್ನ ಮಿಕ್ಸರಿಗೆ ಸೇರಿಸಿಕೊಂಡ ಸೌಲಭ್ಯ ಯಾವುದು ಎಂಬುದನ್ನು ಗಮನಿಸಬೇಕು. ಅವನು ಸದ್ದು ಹೆಚ್ಚಿಸುವುದಕ್ಕಿಂತ ಮೊದಲು ಕೇಳುವ ದಾರಿ ಮಾಡಿಕೊಂಡ.

ಹಾಗಾಗಿ ಮೊದಲ ಖರೀದಿಗೆ ನನ್ನ ಮೊದಲ ಷರತ್ತು ಸರಳ. ಮೆಷಿನ್ನಿನಲ್ಲಿ ಎರಡು ಬೇರೆ ಬೇರೆ ಧ್ವನಿ ಹೊರದಾರಿಗಳಿರಬೇಕು, ಸ್ಪೀಕರಿಗೆ ಒಂದು, ಹೆಡ್‌ಫೋನಿಗೆ ಇನ್ನೊಂದು. ಅಂದರೆ ಲ್ಯಾಪ್‌ಟಾಪಿನ ಅಥವಾ ಫೋನಿನ ಡಿಜೆ ಸಾಫ್ಟ್‌ವೇರನ್ನು ಕೈಯಿಂದ ಆಡಿಸುವ ಕಂಟ್ರೋಲರ್ ಎಂಬ ಈ ಮೆಷಿನ್ನಿನ ಒಳಗೇ ಸೌಂಡ್ ಕಾರ್ಡ್ ಇರಬೇಕು. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ. ಎರಡು ಚಕ್ರ, ನಡುವೆ ಮಿಕ್ಸರ್, ಕೆಳಗೆ ಗುಂಡಿಗಳ ಸಾಲು ಎಲ್ಲವೂ ಇದ್ದು, ಒಳಗೆ ಸೌಂಡ್ ಕಾರ್ಡೇ ಇಲ್ಲದ ಮಾಡೆಲುಗಳಿವೆ. ಪಯೋನೀರ್ ಡಿಜೆಯ ಡಿಡಿಜೆ-200 ಅಂಥದ್ದು. ಅದರಲ್ಲಿ ಧ್ವನಿ ಬರುವುದು ಫೋನಿನಿಂದ ಅಥವಾ ಲ್ಯಾಪ್‌ಟಾಪಿನಿಂದ. ಮುಂದಿನ ಹಾಡನ್ನು ಗುಟ್ಟಾಗಿ ಕೇಳಬೇಕೆಂದರೆ ಧ್ವನಿಯನ್ನು ಎರಡಾಗಿ ಸೀಳುವ ಒಂದು ಕೇಬಲ್ ಹಾಕಿ, ಸ್ಟೀರಿಯೊದ ಒಂದು ಕಡೆಯನ್ನು ಸ್ಪೀಕರಿಗೂ ಇನ್ನೊಂದು ಕಡೆಯನ್ನು ಹೆಡ್‌ಫೋನಿಗೂ ಬಿಡಬೇಕು. ಕೆಲಸ ನಡೆಯುತ್ತದೆ, ಆದರೆ ಎರಡೂ ಕಡೆ ಅರ್ಧರ್ಧ ಧ್ವನಿ. ಅದೇ ಕಂಪನಿ 2022ರಲ್ಲಿ ತಂದ ಡಿಡಿಜೆ-ಎಫ್‌ಎಲ್‌ಎಕ್ಸ್4ರಲ್ಲಾಗಲಿ, ಫ್ರಾನ್ಸಿನ ಹರ್ಕ್ಯುಲಿಸ್ ಕಂಪನಿಯ ಇನ್‌ಪಲ್ಸ್ 200, 300 ಮಾಡೆಲುಗಳಲ್ಲಾಗಲಿ ಸೌಂಡ್ ಕಾರ್ಡ್ ಒಳಗೇ ಇದೆ. ಅಂಗಡಿಯಲ್ಲಿ ಮೆಷಿನ್ನನ್ನು ತಿರುಗಿಸಿ ಹಿಂಬದಿ, ಮುಂಬದಿ ಎರಡನ್ನೂ ನೋಡಿ. ಕೆಂಪು-ಬಿಳಿ ಆರ್‌ಸಿಎ ಸಾಕೆಟ್ ಜೋಡಿಯೊಂದು, ಹೆಡ್‌ಫೋನ್ ಸಾಕೆಟ್ ಮತ್ತೊಂದು ಕಂಡರೆ ಸರಿ. ಯುಎಸ್‌ಬಿ ತೂತು ಬಿಟ್ಟು ಬೇರೇನೂ ಇಲ್ಲದಿದ್ದರೆ ಅದು ಗುಂಡಿಗಳ ಹಲಗೆ ಮಾತ್ರ.

ಎರಡನೆಯ ಷರತ್ತು ಹೆಡ್‌ಫೋನಿನದು. ಇದರಲ್ಲಿ ಹೊಸಬರು ತಪ್ಪುವುದು ಹೆಚ್ಚು, ಯಾಕೆಂದರೆ ಎಲ್ಲರ ಹತ್ತಿರವೂ ಆಗಲೇ ಒಂದು ಬ್ಲೂಟೂತ್ ಹೆಡ್‌ಫೋನ್ ಇರುತ್ತದೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡು, ಅಂದರೆ 500 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಧ್ವನಿ 100ರಿಂದ 200 ಮಿಲಿಸೆಕೆಂಡಿನಷ್ಟು ತಡವಾಗಿ ಕಿವಿ ಮುಟ್ಟುತ್ತದೆ. ಬೀಟಿನ ಕಾಲು ಭಾಗವೋ ಮೂರನೇ ಒಂದು ಭಾಗವೋ ಜಾರಿ ಬಂದ ಧ್ವನಿಯನ್ನು, ಸ್ಪೀಕರಿನಿಂದ ನೇರ ಬರುತ್ತಿರುವ ಧ್ವನಿಯ ಜೊತೆ ಕೂಡಿಸಲು ಯಾವ ಉಸ್ತಾದನಿಂದಲೂ ಆಗದು. ಸಿನಿಮಾ ನೋಡಲು, ಫೋನಿನಲ್ಲಿ ಮಾತಾಡಲು ಚೆನ್ನಾಗಿರುವ ದುಬಾರಿ ಹೆಡ್‌ಫೋನ್ ಇಲ್ಲಿ ಕೆಲಸಕ್ಕೆ ಬಾರದು. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿದ, ವೈರಿರುವ ಒಂದು ಸಾಧಾರಣ ಹೆಡ್‌ಫೋನ್ ಸಾಕು. ಒಂದು ಕಿವಿಯಿಂದ ಸರಿಸಿ ಇಟ್ಟುಕೊಳ್ಳಲು ಬರುವಂತಿದ್ದರೆ ಇನ್ನೂ ಒಳ್ಳೆಯದು. ಮನೆಯ ಸ್ಪೀಕರಿಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನೂ ವೈರಿನಲ್ಲೇ ಜೋಡಿಸಬೇಕು.

ಇನ್ನು ವಾದದ ಗಟ್ಟಿ ಭಾಗಕ್ಕೆ ಬರೋಣ. ಒಂದು ಹಾಡು ನಿಮಿಷಕ್ಕೆ 120 ಬೀಟ್, ಇನ್ನೊಂದು 121 ಎಂದುಕೊಳ್ಳಿ. ಎರಡನ್ನೂ ಒಂದೇ ಗಳಿಗೆಯಲ್ಲಿ ಬಿಟ್ಟರೂ ಅರ್ಧ ನಿಮಿಷದೊಳಗೆ ಅವು ಅರ್ಧ ಬೀಟಿನಷ್ಟು ದೂರ ಸರಿದಿರುತ್ತವೆ. ಒಂದರ ಏಟು ಇನ್ನೊಂದರ ನಡುವೆ ಬಿದ್ದು, ಕುಣಿಯುತ್ತಿದ್ದವರ ಕಾಲು ತಡವರಿಸುತ್ತದೆ. ಇದನ್ನು ತಿದ್ದುವುದು ಎರಡು ಕೆಲಸ. ಟೆಂಪೊ ಫೇಡರನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ವೇಗ ಸಮ ಮಾಡುವುದು ಒಂದು, ಚಕ್ರವನ್ನು ಬೆರಳಿನಿಂದ ಒಂದಿಷ್ಟು ದೂಡಿ ಅಥವಾ ತಡೆದು ಬೀಟಿನ ಮೇಲೆ ಬೀಟು ಕೂರಿಸುವುದು ಇನ್ನೊಂದು. ಹಿಂದೆ ಇದನ್ನು ಕಲಿಯಲು ತಿಂಗಳುಗಳು ಹಿಡಿಯುತ್ತಿದ್ದವು. ಈಗ ಪ್ರತಿ ಕಂಟ್ರೋಲರಿನಲ್ಲೂ ಸಿಂಕ್ ಎಂಬ ಗುಂಡಿ ಇದೆ. ಒತ್ತಿದರೆ ಸಾಫ್ಟ್‌ವೇರ್ ಎರಡನ್ನೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೂಡಿಸುತ್ತದೆ. ಎಫ್‌ಎಲ್‌ಎಕ್ಸ್4ರಲ್ಲಿ ಇನ್ನೊಂದು ಹೆಜ್ಜೆ ಮುಂದಿನ ಸ್ಮಾರ್ಟ್ ಫೇಡರ್ ಎಂಬ ಸೌಲಭ್ಯವೂ ಇದೆ. ಅದನ್ನು ಹಾಕಿಕೊಂಡು ಒಂದು ಫೇಡರನ್ನು ಎಡದಿಂದ ಬಲಕ್ಕೆ ಎಳೆದರೆ ವೇಗ, ಧ್ವನಿಮಟ್ಟ, ಬಾಸ್ ಎಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ. ಹಾಗಿದ್ದ ಮೇಲೆ ಕಿವಿಯನ್ನು ಯಾಕೆ ದಣಿಸಬೇಕು ಎಂದು ಹೊಸಬರು ಕೇಳುವುದು ಸಹಜ, ಮತ್ತು ಈ ಆಕ್ಷೇಪವನ್ನು ಹಳೆಯ ಕಾಲದವರ ಗೊಣಗಾಟದಿಂದ ತಳ್ಳಿಹಾಕಲು ಬರುವುದಿಲ್ಲ. ಪ್ರಪಂಚದ ದೊಡ್ಡ ವೇದಿಕೆಗಳಲ್ಲಿ ನುಡಿಸುವ ಎಷ್ಟೋ ಮಂದಿ ಸಿಂಕ್ ಬಳಸುತ್ತಾರೆ, ಅದರಿಂದ ಉಳಿದ ಸಮಯವನ್ನು ಹಾಡಿನ ಆಯ್ಕೆಗೂ ಬೇರೆ ಕೈಚಳಕಕ್ಕೂ ಬಳಸುತ್ತಾರೆ. ಅದರಲ್ಲಿ ಕೀಳೇನೂ ಇಲ್ಲ.

ಆದರೆ ಸಿಂಕ್ ಗುಂಡಿ ಒಂದು ನಂಬಿಕೆಯ ಮೇಲೆ ನಿಂತಿದೆ, ಹಾಡಿನ ವೇಗ ಮೊದಲಿಂದ ಕೊನೆಯವರೆಗೆ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಕಂಪ್ಯೂಟರಿನಲ್ಲಿ ಕಟ್ಟಿದ ಹೌಸ್, ಟೆಕ್ನೊ ಸಂಗೀತದಲ್ಲಿ ಅದು ನಿಜ. ಈಗಿನ ಬಹುಪಾಲು ಸಿನಿಮಾ ಹಾಡುಗಳಲ್ಲೂ ನಿಜ. ಆದರೆ ಕನ್ನಡಿಗರ ಆರತಕ್ಷತೆಯಲ್ಲೋ, ವಿದೇಶದ ಕನ್ನಡ ಸಂಘದ ರಾಜ್ಯೋತ್ಸವದಲ್ಲೋ ಜನ ಬಂದು ಕೇಳುವ ಹಾಡುಗಳು ಯಾವುವು? ಅರ್ಧಕ್ಕರ್ಧ ಹಳೆಯವು. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಅವರ ಕಾಲದ ಹಾಡುಗಳು ಮದರಾಸಿನ ಸ್ಟುಡಿಯೊಗಳಲ್ಲಿ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿ ಧ್ವನಿಮುದ್ರಣಗೊಂಡಂಥವು. ಅಲ್ಲಿ ವೇಗ ಹಿಡಿದವರು ಮನುಷ್ಯರು. ಪಲ್ಲವಿಯಲ್ಲಿ ಒಂದು ನಡೆ, ಚರಣಕ್ಕೆ ಬರುವಾಗ ತುಸು ಬಿರುಸು, ಕೊನೆಯಲ್ಲಿ ತುಸು ನಿಧಾನ, ಆ ಹಾಡುಗಳ ಜೀವ ಇರುವುದೇ ಅಲ್ಲಿ. ಅಂಥ ಹಾಡನ್ನು ಸಾಫ್ಟ್‌ವೇರಿಗೆ ಕೊಟ್ಟು ನೋಡಿ. ಪರದೆಯ ಮೇಲೆ ಧ್ವನಿಯ ಅಲೆ ಮೂಡುತ್ತದೆ, ಅದರ ಮೇಲೆ ಸಮ ದೂರದಲ್ಲಿ ಬೀಟಿನ ಗೆರೆಗಳು ಬೀಳುತ್ತವೆ. ಮೊದಲ ಕೆಲವು ಸಾಲು ಗೆರೆ ತಬಲದ ಏಟಿನ ಮೇಲೇ ಇರುತ್ತದೆ. ಪಲ್ಲವಿ ಮುಗಿಯುವಷ್ಟರಲ್ಲಿ ಗೆರೆ ಏಟಿನ ಪಕ್ಕಕ್ಕೆ ಸರಿದಿರುತ್ತದೆ, ಚರಣ ಬರುವಷ್ಟರಲ್ಲಿ ಎರಡು ಏಟುಗಳ ನಡುವೆ ಅನಾಥವಾಗಿ ನಿಂತಿರುತ್ತದೆ. ಈ ಗೆರೆಗಳನ್ನು ನಂಬಿ ಸಿಂಕ್ ಒತ್ತಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಬದಲಾಗುವ ವೇಗವನ್ನು ಅಳೆದು ಗೆರೆ ಹಾಕುವ ಸೌಲಭ್ಯವೂ ಕೆಲವು ಸಾಫ್ಟ್‌ವೇರುಗಳಲ್ಲಿದೆ, ಅದು ಸರಿಯಾಗಿ ಹಾಕಿದೆಯೇ ಎಂದು ಪರೀಕ್ಷಿಸಲು ಮತ್ತೆ ಕಿವಿಯೇ ಬೇಕು.

ಇನ್ನೊಂದು ತೊಡಕೂ ಇದೆ. ಸಾಫ್ಟ್‌ವೇರುಗಳ ಎಣಿಕೆ ನಾಲ್ಕು ನಾಲ್ಕರ ಗುಂಪಿನದು. ನಮ್ಮ ಎಷ್ಟೋ ಜನಪದ ಧಾಟಿಗಳು, ಸುಗಮ ಸಂಗೀತದ ಹಾಡುಗಳು, ಹಳೆಯ ಸಿನಿಮಾ ಹಾಡುಗಳು ಮೂರು-ಆರರ ತಿಶ್ರ ನಡೆಯಲ್ಲಿವೆ. ಅಂಥ ಹಾಡಿನಿಂದ ನಾಲ್ಕರ ಹಾಡಿಗೆ ದಾಟುವುದು ವೇಗ ಕೂಡಿಸಿದ ಮಾತ್ರಕ್ಕೆ ಆಗುವ ಕೆಲಸವಲ್ಲ. ಎಲ್ಲಿ ಸಾಹಿತ್ಯ ಮುಗಿಯುತ್ತದೆ, ಎಲ್ಲಿ ತಾಳವಾದ್ಯ ನಿಂತು ಬರೀ ಕೊಳಲೋ ಪಿಟೀಲೋ ಉಳಿಯುತ್ತದೆ ಎಂದು ತಿಳಿದು, ಆ ಸಂದಿಯಲ್ಲಿ ಹೊಸ ಹಾಡನ್ನು ನುಗ್ಗಿಸಬೇಕು. ಕ್ಲಬ್ಬಿಗೆಂದು ಮಾಡಿದ ಹಾಡುಗಳಲ್ಲಿ ಡಿಜೆ ಕೂಡಿಸಿಕೊಳ್ಳಲೆಂದೇ ಮೊದಲಿಗೂ ಕೊನೆಗೂ ಬರೀ ಬೀಟಿನ ಜಾಗ ಬಿಟ್ಟಿರುತ್ತಾರೆ. ನಮ್ಮ ಸಿನಿಮಾ ಹಾಡು ಆಲಾಪದಿಂದಲೇ ಶುರುವಾಗಬಹುದು, ಮಾತಿನಿಂದಲೇ ಶುರುವಾಗಬಹುದು. ಇಂಗ್ಲಿಷ್ ಹಾಡುಗಳನ್ನಷ್ಟೇ ನುಡಿಸುವ ಡಿಜೆಗಿಂತ ಕನ್ನಡ ಹಾಡು ನುಡಿಸುವ ಡಿಜೆಗೆ ಕಿವಿಯ ತರಬೇತಿ ಹೆಚ್ಚು ಬೇಕು ಎಂದು ನಾನು ಹೇಳುವುದು ಭಾಷಾಭಿಮಾನದಿಂದಲ್ಲ, ಇಂಥ ಕಾರಣಗಳಿಂದ.

ಹಾಗೆಂದು ಸಿಂಕ್ ಇಲ್ಲದ ಮೆಷಿನ್ ಹುಡುಕಿ ಎನ್ನುತ್ತಿಲ್ಲ. ಸಿಂಕ್ ಎಲ್ಲದರಲ್ಲೂ ಇರುತ್ತದೆ, ಇರಲಿ. ಅದನ್ನು ಬಿಟ್ಟು ಅಭ್ಯಾಸ ಮಾಡಲು ಯೋಗ್ಯವಾದ ಟೆಂಪೊ ಫೇಡರ್ ಮತ್ತು ಚಕ್ರ ಇದೆಯೇ ಎಂಬುದನ್ನು ನೋಡಬೇಕು. ತೀರಾ ಚಿಕ್ಕ, ಬೆರಳುದ್ದದ ಫೇಡರಿನಲ್ಲಿ ಕೂದಲೆಳೆಯಷ್ಟು ಸರಿಸಿದರೂ ವೇಗ ಹಾರಿಹೋಗುತ್ತದೆ, ಸೂಕ್ಷ್ಮವಾಗಿ ಕೂಡಿಸಲು ಆಗುವುದಿಲ್ಲ. ಹಾಗೆಯೇ ಪ್ರತಿ ಚಾನೆಲಿಗೂ ಬಾಸ್, ಮಧ್ಯ, ತಾರ ಎಂದು ಮೂರು ಬೇರೆ ತಿರುಗುಗುಂಡಿಗಳಿರಬೇಕು. ಎರಡು ಹಾಡು ಕೂಡುವಾಗ ಒಂದರ ಬಾಸ್ ಇಳಿಸಿ ಇನ್ನೊಂದರದು ಏರಿಸುವುದೇ ಈ ಕಲೆಯ ಎರಡನೆಯ ಪಾಠ. ಎರಡೂ ಬಾಸ್ ಒಟ್ಟಿಗೆ ಬಿಟ್ಟರೆ ಕೇಳುವುದು ಬರೀ ಗುಡುಗು. ತೀರಾ ಅಗ್ಗದ ಕೆಲವು ಮಾಡೆಲುಗಳಲ್ಲಿ ಮೂರರ ಬದಲು ಬಾಸಿಗೆ ಒಂದೇ ಗುಂಡಿ ಇರುತ್ತದೆ. ಒಂದೆರಡು ಸಾವಿರ ಹೆಚ್ಚು ಕೊಡುವುದಿದ್ದರೆ ಇಲ್ಲಿ ಕೊಡಿ, ಪ್ಯಾಡಿನ ಬಣ್ಣಕ್ಕಲ್ಲ. ಇನ್‌ಪಲ್ಸ್ ಮಾಡೆಲುಗಳಲ್ಲಿ ಒಂದು ಮೆಚ್ಚತಕ್ಕ ಯೋಚನೆ ಇದೆ. ಸಿಂಕ್ ಒತ್ತದೆ ಕೈಯಿಂದಲೇ ಕೂಡಿಸುವವರಿಗೆ, ವೇಗ ಹೆಚ್ಚಿಸಬೇಕೋ ತಗ್ಗಿಸಬೇಕೋ, ಚಕ್ರವನ್ನು ಮುಂದಕ್ಕೆ ದೂಡಬೇಕೋ ಹಿಂದಕ್ಕೋ ಎಂದು ಪುಟ್ಟ ದೀಪಗಳು ಸೂಚಿಸುತ್ತವೆ. ಕೆಲಸವನ್ನು ಕಲಿಯುವವರ ಕೈಯಲ್ಲೇ ಬಿಟ್ಟು ಸುಳಿವು ಮಾತ್ರ ಕೊಡುವ ಇಂಥ ಯಂತ್ರ ಮೇಷ್ಟರ ಜಾಗದಲ್ಲಿ ನಿಲ್ಲಬಲ್ಲದು. ಕೆಲವು ವಾರಗಳಾದ ಮೇಲೆ ಆ ದೀಪಗಳನ್ನೂ ನೋಡದೆ ಕೂಡಿಸಬೇಕು ಅಷ್ಟೆ.

‘ಕ್ಲಬ್ಬಿನಲ್ಲಿ ಇರುವುದು ಸಿಡಿಜೆ ಎಂಬ ದೊಡ್ಡ ಪ್ಲೇಯರ್. ನಾಳೆ ಅಲ್ಲಿ ನುಡಿಸಬೇಕಾದವರು ಇವತ್ತೇ ಅದರ ಮೇಲೆ ಕಲಿಯುವುದು ಸರಿಯಲ್ಲವೇ?’ ಎಂಬುದು ಬಲವಾದ ಆಕ್ಷೇಪ. ತರಬೇತಿ ಕೇಂದ್ರಗಳೂ ಇದನ್ನೇ ಹೇಳಿ ಹೆಚ್ಚಿನ ಶುಲ್ಕ ಪಡೆಯುತ್ತವೆ. 2001ರಲ್ಲಿ ಬಂದ ಸಿಡಿಜೆ-1000ರಿಂದ 2020ರ ಸಿಡಿಜೆ-3000ರವರೆಗೆ ಪಯೋನೀರ್ ಕುಟುಂಬದ ಮೆಷಿನ್ನುಗಳೇ ಪ್ರಪಂಚದ ಬಹುಪಾಲು ಕ್ಲಬ್ಬುಗಳಲ್ಲಿ ಕೂತಿವೆ ಎಂಬುದು ನಿಜ. ಅಂಥ ಎರಡು ಪ್ಲೇಯರ್, ನಡುವೆ ಒಂದು ಮಿಕ್ಸರ್ ಕೊಳ್ಳುವ ದುಡ್ಡಿನಲ್ಲಿ ಒಂದು ಚಿಕ್ಕ ಕಾರು ಬರುತ್ತದೆ. ಅಷ್ಟು ಕೊಟ್ಟು ಪಡೆಯುವುದೇನು? ಪ್ಲೇ, ಕ್ಯೂ, ಟೆಂಪೊ ಫೇಡರ್, ಚಕ್ರ, ಮೂರು ತಿರುಗುಗುಂಡಿ, ಹೆಡ್‌ಫೋನ್ ಗುಂಡಿ ಎಲ್ಲವೂ ಚಿಕ್ಕ ಕಂಟ್ರೋಲರಿನಲ್ಲೂ ಸರಿಸುಮಾರು ಅದೇ ಜಾಗದಲ್ಲಿವೆ, ಅದೇ ಕೆಲಸ ಮಾಡುತ್ತವೆ. ನಕಲು ಮಾಡಿರುವುದೇ ಅದಕ್ಕಾಗಿ. ಲ್ಯಾಪ್‌ಟಾಪಿನ ಬದಲು ಪೆನ್‌ಡ್ರೈವ್‌ನಿಂದ ಹಾಡು ತೆಗೆಯುವುದು, ದೊಡ್ಡ ಚಕ್ರದ ಭಾರ, ಮೆಷಿನ್ನಿನಲ್ಲೇ ಇರುವ ಪರದೆ ಇವು ಬೇರೆ. ಲಯ ಕೂಡಿಸಲು ಬಂದವರಿಗೆ ಇದನ್ನು ರೂಢಿಸಿಕೊಳ್ಳಲು ಕೆಲವು ಗಂಟೆಗಳ ಕೆಲಸ. ಆ ಕೆಲವು ಗಂಟೆಗಳಿಗೆ ದೊಡ್ಡ ಊರುಗಳಲ್ಲಿ ಅಭ್ಯಾಸದ ಕೋಣೆ ಬಾಡಿಗೆಗೆ ಸಿಗುತ್ತದೆ. ಲಯ ಬಾರದವರಿಗೆ ಸಿಡಿಜೆ ಎದುರು ವರ್ಷ ನಿಂತರೂ ಪ್ರಯೋಜನವಿಲ್ಲ.

ಸಾಫ್ಟ್‌ವೇರಿನ ಬಗ್ಗೆಯೂ ಎಚ್ಚರ ಬೇಕು, ಯಾಕೆಂದರೆ ಕಂಟ್ರೋಲರಿನ ಬೆಲೆ ಅಲ್ಲಿಗೇ ಮುಗಿಯದಿರಬಹುದು. ಪೆಟ್ಟಿಗೆಯ ಮೇಲೆ ಇಂಥ ಸಾಫ್ಟ್‌ವೇರ್ ಉಚಿತ ಎಂದು ಬರೆದಿದ್ದರೂ ಅದು ಕಡಿತಗೊಳಿಸಿದ ಆವೃತ್ತಿಯಾಗಿರಬಹುದು. ಪೂರ್ತಿ ಬೇಕೆಂದರೆ ತಿಂಗಳ ಚಂದಾ ಕಟ್ಟಬೇಕು. ಒಂದು ಕಂಪನಿಯ ಮೆಷಿನ್ ಕೊಂಡರೆ ಅದೇ ಕಂಪನಿಯ ಸಾಫ್ಟ್‌ವೇರಿಗೆ ಗಂಟು ಬೀಳುವ ಭಯವೂ ಇದೆ. ಇದು ಬರೀ ಊಹೆಯಲ್ಲ. ಪಯೋನೀರ್ ಡಿಜೆ ಮೆಷಿನ್ನುಗಳನ್ನೂ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರನ್ನೂ ತಯಾರಿಸುವ ಆಲ್ಫಾಥೀಟಾ ಕಂಪನಿ ತನ್ನ ದೊಡ್ಡ ಎದುರಾಳಿಯಾದ ನ್ಯೂಜಿಲೆಂಡಿನ ಸೆರಾಟೊವನ್ನು ಕೊಳ್ಳಲು ಹೊರಟಾಗ, 2024ರಲ್ಲಿ ಅಲ್ಲಿನ ವಾಣಿಜ್ಯ ಆಯೋಗ ಸ್ಪರ್ಧೆಗೆ ಧಕ್ಕೆಯಾಗುತ್ತದೆಂದು ಅನುಮತಿ ನಿರಾಕರಿಸಿತು. ಹೊಸಬರಿಗೆ ಒಳ್ಳೆಯ ದಾರಿ ಇದೆ. ಮಿಕ್ಸ್ ಎಂಬ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕಾಸಿಲ್ಲದೆ ಓಡುತ್ತದೆ, ಬೇರೆ ಬೇರೆ ಕಂಪನಿಗಳ ಹಲವು ಕಂಟ್ರೋಲರುಗಳನ್ನು ಗುರುತಿಸುತ್ತದೆ. ಕೊಳ್ಳುವ ಮುನ್ನ ನಿಮ್ಮ ಆಯ್ಕೆಯ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡರೆ ಮುಂದೊಂದು ದಿನ ಚಂದಾ ದರ ಏರಿದರೂ ಮೆಷಿನ್ ಮೂಲೆಗೆ ಬೀಳುವುದಿಲ್ಲ.

ಸಿಡಿಜೆಯ ವಾದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪ ಟರ್ನ್‌ಟೇಬಲ್ ಪ್ರೇಮಿಗಳದು. ಕಿವಿಯೇ ಮುಖ್ಯ ಎನ್ನುವುದಾದರೆ ಪರದೆಯೂ ಸಿಂಕೂ ಇಲ್ಲದ ರೆಕಾರ್ಡ್ ಪ್ಲೇಯರಿನ ಮೇಲೇ ಕಲಿಯಬಾರದೇಕೆ ಎಂದು ಅವರು ಕೇಳುತ್ತಾರೆ. ತಾತ್ವಿಕವಾಗಿ ಅವರ ಮಾತು ಸರಿ. ಜಪಾನಿನ ಟೆಕ್ನಿಕ್ಸ್ 1972ರಲ್ಲಿ ತಂದ ಎಸ್‌ಎಲ್-1200 ಮನೆಯಲ್ಲಿ ಹಾಡು ಕೇಳುವವರಿಗೆಂದು ಹುಟ್ಟಿ ಡಿಜೆಗಳ ಪ್ರಮಾಣ ಯಂತ್ರವಾಯಿತು. ಬೆಲ್ಟಿಲ್ಲದೆ ಮೋಟರೇ ತಟ್ಟೆಯನ್ನು ನೇರವಾಗಿ ತಿರುಗಿಸುತ್ತಿದ್ದುದರಿಂದ ಕೈಯಿಂದ ತಡೆದು ಬಿಟ್ಟರೂ ಅದು ತಕ್ಷಣ ವೇಗ ಹಿಡಿಯುತ್ತಿತ್ತು. 2010ರಲ್ಲಿ ತಯಾರಿಕೆ ನಿಂತು 2016ರಲ್ಲಿ ಮತ್ತೆ ಶುರುವಾದದ್ದು ಅದರ ಮೇಲಿನ ಪ್ರೀತಿಗೆ ಸಾಕ್ಷಿ. ಆದರೆ ಎರಡು ಟರ್ನ್‌ಟೇಬಲ್, ಮಿಕ್ಸರ್, ಸವೆಯುವ ಮುಳ್ಳುಗಳು ಸೇರಿದರೆ ಖರ್ಚು ಕಂಟ್ರೋಲರಿನ ಹಲವು ಪಟ್ಟು. ಅದಕ್ಕಿಂತ ಮುಖ್ಯವಾಗಿ, ಈಗಿನ ಕನ್ನಡ ಹಾಡು ರೆಕಾರ್ಡಿನಲ್ಲಿ ಸಿಗುವುದಿಲ್ಲ. ಹಳೆಯ ಕನ್ನಡ ರೆಕಾರ್ಡುಗಳು ಗುಜರಿಯಲ್ಲೂ ಸಂಗ್ರಾಹಕರ ಬಳಿಯೂ ಇವೆ, ಅವು ಉಜ್ಜಿ ಕಲಿಯುವ ಸಾಮಾನಲ್ಲ, ಜೋಪಾನ ಮಾಡಬೇಕಾದ ಆಸ್ತಿ. ಸ್ಕ್ರ್ಯಾಚ್ ಕಲೆಯನ್ನೇ ಕಲಿಯಬೇಕೆಂದು ಹಟ ತೊಟ್ಟವರಿಗೆ ಮಾತ್ರ ಟರ್ನ್‌ಟೇಬಲ್ ಮೊದಲ ಖರೀದಿಯಾಗಬಹುದು. ಉಳಿದವರು ಪರದೆಯನ್ನು ಮುಚ್ಚಿ ಕಂಟ್ರೋಲರಿನಲ್ಲೇ ಅಭ್ಯಾಸ ಮಾಡಿದರೆ ಅದೇ ಪಾಠ ಸಿಗುತ್ತದೆ. ಲ್ಯಾಪ್‌ಟಾಪ್ ಮೇಲೊಂದು ಟವೆಲ್ ಹಾಕಿದರಾಯಿತು.

ನಮ್ಮ ಊರುಗಳ ಮಟ್ಟಿಗೆ ಇನ್ನೂ ದೊಡ್ಡ ಹಣ ಹೋಗುವುದು ಇವುಗಳಿಗಲ್ಲ, ಸ್ಪೀಕರ್ ಬಾಕ್ಸಿಗೆ. ಲಾರಿಯ ಮೇಲೆ ಪೇರಿಸಿದ ಬಾಕ್ಸುಗಳ ಸಾಲನ್ನು ನೋಡಿ ಬೆಳೆದ ಹುಡುಗರು ಮೊದಲು ಎರಡು ಹದಿನೆಂಟು ಇಂಚಿನ ಬಾಸ್, ಒಂದು ಆಂಪ್ಲಿಫೈಯರ್ ತರುತ್ತಾರೆ. ಹಾಡನ್ನು ಮೊಬೈಲಿನಿಂದ ಬಿಡುತ್ತಾರೆ. ದುಡಿಮೆಗೆ ಅದೇ ದಾರಿ, ಬಾಡಿಗೆಗೆ ಬಿಟ್ಟರೆ ಒಂದೆರಡು ಹಂಗಾಮಿನಲ್ಲಿ ಬಂಡವಾಳ ವಾಪಸ್ ಬರುತ್ತದೆ ಎಂದು ವಾದಿಸುವವರಿದ್ದಾರೆ. ವ್ಯಾಪಾರವಾಗಿ ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಸೌಂಡ್ ಬಾಡಿಗೆಯ ಕಸುಬು. ಹಾಡು ಕೂಡಿಸುವುದು ಬೇರೆಯದೇ ಕಸುಬು, ಮೊದಲನೆಯದಕ್ಕೆ ಎಷ್ಟು ಸುರಿದರೂ ಎರಡನೆಯದು ಬರುವುದಿಲ್ಲ. ಕಾನೂನಿನ ಮಾತೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಗಣೇಶನ ಮೆರವಣಿಗೆಯ ಹೊತ್ತಿಗೆ ಜಿಲ್ಲಾಡಳಿತಗಳು ಹೊರಡಿಸುವ ಡಿಜೆ ನಿಷೇಧದ ಆದೇಶಗಳು ಗುರಿಯಿಡುವುದು ಈ ಬಾಕ್ಸುಗಳಿಗೇ. ಕಿವಿಯ ಲೆಕ್ಕ ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು, 100 ಡೆಸಿಬಲ್ ಆದರೆ ವಾರಕ್ಕೆ ಇಪ್ಪತ್ತೇ ನಿಮಿಷ. ಕಿವಿಯನ್ನು ನಂಬಿ ಬದುಕಬೇಕಾದವರು ಕಲಿಕೆಯ ಮೊದಲ ವರ್ಷದಲ್ಲೇ ಅದನ್ನು ಬಾಸಿನ ಎದುರು ನಿಲ್ಲಿಸಿ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಟಿವಿಗೆ ಹಾಕಿರುವ ಸಾಧಾರಣ ಸ್ಪೀಕರಿಗೆ ಆರ್‌ಸಿಎ ವೈರು ಚುಚ್ಚಿದರೆ ಅಭ್ಯಾಸಕ್ಕೆ ಧಾರಾಳವಾಯಿತು.

ಅಗ್ಗದ್ದು ಕೊಂಡರೆ ಎರಡು ಸಲ ಕೊಳ್ಳಬೇಕಾಗುತ್ತದೆ ಎಂಬ ಮಾತನ್ನೂ ಕೇಳುತ್ತೇವೆ. ಮುಂದುವರಿದವರು ಎರಡನೆಯ ಸಲ ಕೊಳ್ಳುತ್ತಾರೆ, ನಿಜ. ಆದರೆ ಆ ಹೊತ್ತಿಗೆ ತಮಗೆ ನಾಲ್ಕು ಚಾನೆಲ್ ಬೇಕೋ, ದೊಡ್ಡ ಚಕ್ರ ಬೇಕೋ, ಪೆನ್‌ಡ್ರೈವ್ ಸಾಕೋ ಎಂಬುದು ಅವರಿಗೆ ಗೊತ್ತಿರುತ್ತದೆ. ಮೊದಲ ದಿನ ಅದನ್ನು ಗೊತ್ತಿರುವವರಂತೆ ಹೇಳುವವರು ಅಂಗಡಿಯವರು ಮಾತ್ರ. ಮುಂದುವರಿಯದವರ ನಷ್ಟ ಚಿಕ್ಕದಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಪೇಟೆ ಇರುವುದೂ ಇಂಥವರಿಂದಲೇ, ಮತ್ತು ಹೊಸಬರಿಗೆ ಅದು ಒಳ್ಳೆಯ ಜಾಗ. ಹಳೆಯದನ್ನು ಕೊಳ್ಳುವಾಗ ಹಾಡು ಹಾಕಿ ಪ್ರತಿ ಫೇಡರನ್ನೂ ನಿಧಾನವಾಗಿ ಕೆಳಗಿಂದ ಮೇಲಕ್ಕೆ ಎಳೆಯಿರಿ. ಕರಕರ ಸದ್ದು ಬಂದರೆ ಅಥವಾ ಪೂರ್ತಿ ಇಳಿಸಿದ ಮೇಲೂ ಹಾಡು ಸಣ್ಣಗೆ ಸೋರುತ್ತಿದ್ದರೆ ಅದು ಸವೆದಿದೆ ಎಂದರ್ಥ. ಟೆಂಪೊ ಫೇಡರನ್ನು ಮುಟ್ಟದೆ ಬಿಟ್ಟಾಗಲೂ ಪರದೆಯ ಮೇಲಿನ ಅಂಕಿ ನಡುಗುತ್ತಿದ್ದರೆ ಬೇಡವೆನ್ನಿ. ಯುಎಸ್‌ಬಿ ವೈರನ್ನು ಸ್ವಲ್ಪ ಅಲುಗಿಸಿ ನೋಡಿ. ನಿಮ್ಮ ಕಂಪ್ಯೂಟರಿಗೆ ಆ ಮಾಡೆಲಿನ ಡ್ರೈವರ್ ಈಗಲೂ ಸಿಗುತ್ತದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ದುಡ್ಡು ಕೊಡಿ.

ಫೋನಿನ ಆ್ಯಪ್ ಒಂದೇ ಸಾಕು, ಕಂಟ್ರೋಲರೂ ಬೇಡ ಎನ್ನುವವರಿಗೆ ನನ್ನ ಉತ್ತರ ಅರ್ಧ ಒಪ್ಪಿಗೆಯದು. ಆಸಕ್ತಿ ನಿಜವೋ ಹಂಗಾಮಿನದೋ ಎಂದು ನೋಡಲು ಒಂದು ತಿಂಗಳು ಆ್ಯಪಿನಲ್ಲೇ ಆಡಲಿ. ಆದರೆ ಗಾಜಿನ ಮೇಲೆ ಬೆರಳಿಗೆ ಅಂಚು ಸಿಗುವುದಿಲ್ಲ, ಕಣ್ಣು ಪರದೆ ಬಿಡುವುದಿಲ್ಲ, ಎರಡು ಕೈ ಒಟ್ಟಿಗೆ ಎರಡು ಬೇರೆ ಕೆಲಸ ಮಾಡುವ ರೂಢಿ ಬರುವುದಿಲ್ಲ. ತಿಂಗಳು ದಾಟಿದ ಮೇಲೂ ಆಸೆ ಉಳಿದಿದ್ದರೆ ಕಂಟ್ರೋಲರ್ ತರುವುದು ನ್ಯಾಯ.

ಉಳಿದ ಹಣ ಹಾಡುಗಳಿಗೆ ಹೋಗಬೇಕು. ಉಪಕರಣದ ಲೇಖನದಲ್ಲಿ ಹಾಡಿನ ಮಾತು ಯಾಕೆ ಎನ್ನಬೇಡಿ, ಡಿಜೆಗೆ ಹಾಡೇ ಉಪಕರಣ. ಚಂದಾ ಕಟ್ಟಿ ಆನ್‌ಲೈನಿನಿಂದ ನೇರ ಹಾಡು ಎಳೆಯುವ ಸೌಲಭ್ಯವನ್ನು ನಂಬಿ ಸಂಗ್ರಹ ಕಟ್ಟಬಾರದು. 2020ರ ಜುಲೈನಲ್ಲಿ ಸ್ಪಾಟಿಫೈ ಡಿಜೆ ಸಾಫ್ಟ್‌ವೇರುಗಳಿಗೆ ಹಾಡು ಕೊಡುವುದನ್ನು ನಿಲ್ಲಿಸಿತು, ಅದನ್ನೇ ನಂಬಿದ್ದವರ ಪಟ್ಟಿಗಳು ರಾತ್ರೋರಾತ್ರಿ ಖಾಲಿಯಾದವು. 2025ರಲ್ಲಿ ಅದು ಕೆಲವು ಸಾಫ್ಟ್‌ವೇರುಗಳಿಗೆ ಮರಳಿ ಬಂತು, ಮತ್ತೆ ಹೋಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಯೂಟ್ಯೂಬಿನಿಂದ ಇಳಿಸಿದ ಕಡತಗಳು ಕಾನೂನಿನಲ್ಲಿ ತಪ್ಪು ಎಂಬುದು ಒತ್ತಟ್ಟಿಗಿರಲಿ, ದೊಡ್ಡ ಸ್ಪೀಕರಿನಲ್ಲಿ ಅವುಗಳ ಬಡತನ ಕೇಳುತ್ತದೆ. ಹಳೆಯ ಕನ್ನಡ ಹಾಡುಗಳ ಅಸಲಿ ಸಿಡಿಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಕಂಪ್ಯೂಟರಿಗೆ ಪೂರ್ತಿ ಗುಣಮಟ್ಟದಲ್ಲಿ ಇಳಿಸಿಕೊಂಡು, ಪ್ರತಿ ಹಾಡಿಗೂ ವೇಗ, ನಡೆ, ಬೀಟು ಶುರುವಾಗುವ ಜಾಗ, ಸಾಹಿತ್ಯ ನಿಲ್ಲುವ ಜಾಗಗಳನ್ನು ಗುರುತು ಹಾಕಿಟ್ಟುಕೊಂಡ ಇನ್ನೂರು ಹಾಡು, ಹೆಸರೂ ನೆನಪಿಲ್ಲದ ಇಪ್ಪತ್ತು ಸಾವಿರ ಹಾಡಿಗಿಂತ ಮೇಲು.

ಒಟ್ಟು ಪಟ್ಟಿ ಚಿಕ್ಕದು. ಒಳಗೇ ಸೌಂಡ್ ಕಾರ್ಡ್ ಇರುವ, ಮೂರು ಗುಂಡಿಗಳ, ಎರಡು ಚಾನೆಲಿನ ಕಂಟ್ರೋಲರ್, ವೈರಿನ ಹೆಡ್‌ಫೋನ್, ಮನೆಯಲ್ಲಿರುವ ಲ್ಯಾಪ್‌ಟಾಪ್ ಮತ್ತು ಸ್ಪೀಕರ್. ಹೊಸದೇ ಕೊಂಡರೂ ಲ್ಯಾಪ್‌ಟಾಪ್ ಬಿಟ್ಟು ಇದು ನಲವತ್ತು ಸಾವಿರದೊಳಗೆ ಮುಗಿಯುತ್ತದೆ, ಹಳೆಯದಾದರೆ ಅದರ ಅರ್ಧಕ್ಕೂ ಆಗುತ್ತದೆ. ಇದಕ್ಕಿಂತ ಹೆಚ್ಚಿನದಕ್ಕೆ ಕಂತಿನ ಕಾಗದ ಮುಂದೆ ಹಿಡಿದರೆ ಮನೆಯವರು ಈಗಲೇ ಸಹಿ ಹಾಕಬೇಡಿ. ಸಿಂಕ್ ಮುಟ್ಟದೆ, ಪರದೆ ನೋಡದೆ, ಎರಡು ಹಳೆಯ ಕನ್ನಡ ಹಾಡುಗಳನ್ನು ಒಂದು ನಿಮಿಷ ಜಗಳವಿಲ್ಲದೆ ಒಟ್ಟಿಗೆ ಓಡಿಸಿ ತೋರಿಸಲಿ, ಆಮೇಲೆ ಹಾಕಿ.